ಬರೇ ದನಿ, ಒಂದು ಖೋಲಿ: ಮನ್ಯಾಗ ಕುಂತು ಒಬ್ಬರ ಆಲ್ಬಮ್ ಮಾಡೋದು ಹೆಂಗ

ಡ್ರಮ್ಮರ್ ನೌಕರಿ ಸಿಕ್ತು ಅಂತ ಬೆಂಗಳೂರಿಗೆ ಹೋದ, ಪ್ರಾಕ್ಟೀಸ್ ಖೋಲಿ ಬಾಡಿಗಿ ಜಾಸ್ತಿ ಆತು, ಇನ್ನ ಮೆಟಲ್ (ಜೋರು ಗಿಟಾರ್, ಚೀರಾಟದ ರಾಕ್ ಸಂಗೀತ) ಸಾಕು ಅಂತ ಕೈ ಚೆಲ್ಲಿ ಕುಂತ ಹುಡುಗರು ಹುಬ್ಬಳ್ಳಿ-ಧಾರವಾಡದಾಗ ಭಾಳ ಮಂದಿ ಅದಾರ. ಅಂಥವರಿಗೆ ನಾ ಮೊದಲ ಕೇಳ್ರಿ ಅನ್ನೋದು ಅಮೆರಿಕಾದ ಗಾಯಕ ಮೈಕ್ ಪ್ಯಾಟನ್‌ನ ಆಲ್ಬಮ್ 'ಅಡಲ್ಟ್ ಥೀಮ್ಸ್ ಫಾರ್ ವಾಯ್ಸ್'. 1996ರಾಗ ಸಂಗೀತಗಾರ ಜಾನ್ ಜೋರ್ನ್ ಅವರ ತ್ಸಾಡಿಕ್ ಅನ್ನೋ ರೆಕಾರ್ಡ್ ಲೇಬಲ್‌ನಿಂದ ಬಂದಿದ್ದು. ತನ್ನ ರಾಕ್ ಬ್ಯಾಂಡ್ ಫೇತ್ ನೋ ಮೋರ್ ಜೋಡಿ ಟೂರ್ ಮಾಡೋ ಮುಂದ ಹೋಟೆಲ್ ಖೋಲ್ಯಾಗ ಕುಂತು ನಾಕು ದನಿ ಒಂದರ ಮ್ಯಾಲ ಒಂದು ಹಿಡಿಯೋ ಒಂದು ಫೋರ್-ಟ್ರ್ಯಾಕ್ ರೆಕಾರ್ಡರ್‌ನಾಗ ಹಿಡದದ್ದು. 34 ತುಣುಕು ಅದಾವ, ಕೆಲವೊಂದು ಒಂದು ನಿಮಿಷ ಸೈತ ಇಲ್ಲ, ಗಿಟಾರ್ ಹುಡುಕಿದ್ರ ಸಿಗಂಗಿಲ್ಲ, ಚೀರೋದು, ಮುಲುಗೋದು, ಉಸುರು, ತುಟಿ ಸಪ್ಪಳ, ಇಷ್ಟ. ಹೆಡ್‌ಫೋನ್ ಹಾಕ್ಕೊಂಡು ಕೇಳ್ರಿ, ಹಾಡು ಅಂತ ಕೇಳಬ್ಯಾಡ್ರಿ, ಬಾಯಿ ಮೈಕಿಗೆ ಎಷ್ಟ್ ಹತ್ರ ಐತಿ, ಎಷ್ಟ್ ದೂರ ಸರೀತು ಅನ್ನೋದನ್ನ ಹಿಡೀರಿ.

ಈಗ ನಿಮ್ಮ ಖೋಲಿ. ನಮ್ಮ ಮನಿಗಳ ಫರಸಿ ನೆಲ, ಬೋಳು ಗ್ವಾಡಿ, ದನಿ ಬಡದು ತಿರುಗಿ ಬರ್ತೈತಿ. ಫೋಮ್ ಕೊಳ್ಳೋದು ಬ್ಯಾಡ, ಮನ್ಯಾಗಿನ ಕೌದಿ ತಗೀರಿ. ಹಳೇ ಸೀರಿ ಪದರ ಪದರ ಸೇರಿಸಿ ಹೊಲ್ದ ಕೌದಿ ಐತೆಲ್ಲಾ, ಅದರಷ್ಟ್ ಛಲೋ ಸಪ್ಪಳ ನುಂಗೋ ವಸ್ತು ಮನ್ಯಾಗ ಇನ್ನೊಂದಿಲ್ಲ. ಎರಡು ಕೌದಿ ಹಿಂದ, ಒಂದು ಬಾಜೂಕ, ಹಗ್ಗದ ಮ್ಯಾಲ ಗ್ವಾಡಿಯಿಂದ ನಾಕ್ ಬೆರಳು ಬಿಟ್ಟು ಇಳಿಬಿಡ್ರಿ, ಅಂಟಿಸಿದ್ರ ಅಷ್ಟು ಹೀರೂದಿಲ್ಲ. ಫ್ಯಾನ್ ಬಂದ್ ಮಾಡ್ರಿ. ಫ್ರಿಜ್ಜಿನ ಗುಂಯ್ ಅನ್ನೋ ಸಪ್ಪಳ ಕೇಳಸ್ತದೇನು ಒಮ್ಮೆ ನೋಡ್ರಿ. ನಾ ಒಮ್ಮೆ ರಾತ್ರಿ ಎರಡು ತಾಸು ಕುಂತು ಹಿಡದದ್ದೆಲ್ಲಾ ಆ ಗುಂಯ್‌ನಾಗ ಹೋತು, ಮರುದಿವಸ ಕೇಳಿದಾಗ ಕಣ್ಣಾಗ ನೀರು ಬಂತು.

ಮೈಕ್ ಇಲ್ಲಂದ್ರ ಫೋನ್ ಸಾಕು. ದನಿ ಕುಗ್ಗಿಸದ ವೇವ್ (WAV) ಫಾರ್ಮ್ಯಾಟ್ ಕೊಡೋ ಆ್ಯಪ್ ಹಾಕ್ಕೋರಿ, ಎಂಪಿತ್ರೀ ಆಮ್ಯಾಲ ಮಾಡಿದ್ರ ಆತು. ಒಂದು ಗೇಣು ದೂರ ಇಡ್ರಿ, ಬಾಯಿಗೆ ಎದರ ಅಲ್ಲ, ಒಂಚೂರು ಬಾಜೂಕ, ಇಲ್ಲಂದ್ರ 'ಪ' 'ಫ' ಅಂದಾಗೆಲ್ಲಾ ಗಾಳಿ ಬಡೀತೈತಿ. ಹೊಡಿಯೋದ್ರಾಗ ಎಲ್ಲಾಕ್ಕಿಂತ ಜೋರಿನ ಚೀರು ಯಾವುದೋ ಅದನ್ನ ಮೊದಲ ಹೊಡದು ಆ್ಯಪಿನ ದನಿ ಮೀಟರ್ ನೋಡ್ರಿ, ಮೈನಸ್ 6 ಡಿಬಿ (ಡೆಸಿಬೆಲ್) ಮ್ಯಾಲ ಹೋಗಬಾರದು. ಸೊನ್ನಿ ಮುಟ್ಟಿ ಒಡದ ದನಿ ಯಾವ ಸಾಫ್ಟ್‌ವೇರ್‌ಲೆನೂ ಮೊದಲಿನಂಗ ಆಗಂಗಿಲ್ಲ.

ಗಂಟಲದ ಮಾತು ಒಂದೀಟು ಬಿಡಿಸಿ ಹೇಳ್ತೀನಿ, ಯಾಕಂದ್ರ ಇಲ್ಲೇ ಹುಡುಗರು ಕೆಡಸ್ಕೋತಾರ. ಗ್ರೋಲ್, ಅಂದ್ರ ಮೆಟಲ್‌ನಾಗಿನ ಗುರ್ ಅನ್ನೋ ದಪ್ಪ ದನಿ, ಗಂಟಲ ತಿಕ್ಕೋದಲ್ಲ. ಗಂಟಲದಾಗ ದನಿ ಹುಟ್ಟೋ ಮಾಂಸದ ಮಡಿಕಿ (ವೋಕಲ್ ಫೋಲ್ಡ್) ಮ್ಯಾಲ ಇನ್ನೊಂದು ಜೋಡಿ ಮಡಿಕಿ ಅದಾವ, ಅವು ನಡುಗಬೇಕು, ಉಸುರು ಹೊಟ್ಟಿಯಿಂದ ಬರಬೇಕು. ನಮ್ಮ ಧಾರವಾಡದಾಗ ಗಾಯಕರು ನಸಕಿನ್ಯಾಗ ಎದ್ದು ಖರ್ಜ ಹಚ್ತಾರಲ್ಲಾ, ಮಂದ್ರದ ಸಾ ಹಿಡದು ಉಸುರು ಮುಗಿಯೋ ತನಕ, ಅದನ್ನ ನೀವೂ 15 ನಿಮಿಷ ಮಾಡ್ರಿ, ಮೆಟಲ್ ಗಂಟಲಕ್ಕ ಅದಕ್ಕಿಂತ ಛಲೋ ತಯಾರಿ ನಾ ಕಂಡಿಲ್ಲ. ಕೆರತ ಬಂತು, ಕೆಮ್ಮು ಬಂತು ಅಂದ್ರ ಅವತ್ತಿಗೆ ಬಂದ್, ಉಗುರುಬೆಚ್ಚಗಿನ ನೀರು, ಮಾತು ಕಡಿಮಿ. ನನ್ನ ದನಿ ಛಲೋ ಇಲ್ಲ ಅನ್ನೋರು ಹುಬ್ಬಳ್ಳಿಯ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರನ್ನ ನೆನಸ್ರಿ, ಗಂಟಲ ಆಪರೇಶನ್ ಆದ ಮ್ಯಾಲ ದನಿ ದಪ್ಪ ಆತು, ಆ ದಪ್ಪ ದನಿಲೇನ ಕಿರಾಣಾ ಘರಾಣೆ ಹಾಡಿ ದೇಶಕ್ಕ ಹೆಸರಾದ್ರು.

ಏನ್ ಹಿಡೀಬೇಕು? ನಾ ಒಂದು ನೇಮ ಇಟ್ಕೊಂಡೀನಿ: ಹೊರಗಿನ ಸಪ್ಪಳ ರೆಕಾರ್ಡ್ ಮಾಡಂಗಿಲ್ಲ, ಕೇಳ್ಕೊಂಡು ಬಂದು ಬಾಯಿಲೆ ಮಾಡೋದು. ಗದಗ-ಬೆಟಗೇರಿ ಓಣ್ಯಾಗ ಮಗ್ಗದ ಸಪ್ಪಳ ಕೇಳೀರೇನು? ಲಾಳಿ ಹೋಗೋದು ಒಂದು, ಹಲಗಿ ಬಡಿಯೋದು ಇನ್ನೊಂದು. ನಾಲಿಗಿ ಅಂಗುಳಕ್ಕ ಬಡದು ಒಂದು ಟ್ರ್ಯಾಕ್, ಎದಿಯಿಂದ 'ಧಡ್' ಅಂತ ಇನ್ನೊಂದು, ಮಧ್ಯ ಬಿಟ್ಟ ಉಸುರು ಮೂರನೇದ್ದು. ಅವ್ವ ರೊಟ್ಟಿ ಬಡಿಯೋ ಲಯ ಗಲ್ಲ ಬಡದು ಬರ್ತೈತಿ, ಆದ್ರ ರೊಟ್ಟಿ ತಿರುಗಿಸೋ ಮುಂದ ಒಂದು ಹೊಡತ ತಪ್ತೈತಿ ನೋಡ್ರಿ, ಆ ತಪ್ಪಿದ ಜಾಗಾನ ತುಣುಕಿನ ಜೀವ, ಅದನ್ನ ಕ್ಲಿಕ್ (ತಾಳ ಹಾಕೋ ಟಿಕ್ ಟಿಕ್ ಸಪ್ಪಳ) ಹಾಕಿ ಸರಿ ಮಾಡಬ್ಯಾಡ್ರಿ.

ಕಂಪ್ಯೂಟರ್‌ನಾಗ ದನಿ ಹಿಡದು ಜೋಡಿಸೋ ಸಾಫ್ಟ್‌ವೇರ್ ಆಡಾಸಿಟಿ ಪುಕ್ಕಟೆ ಸಿಗ್ತೈತಿ. ಮೊದಲ ಟ್ರ್ಯಾಕ್ ಹೆಡ್‌ಫೋನ್‌ನಾಗ ಕೇಳ್ತಾ ಎರಡನೇದ್ದು ಹಿಡೀರಿ, ನಾಕ ದಾಟಬ್ಯಾಡ್ರಿ. ನೂರು ಟ್ರ್ಯಾಕ್ ಸಿಗ್ತಾವ ಅಂದ ಕೂಡ್ಲೆ ಯಾವುದನ್ನೂ ಬಿಡೋ ಮನಸ್ಸು ಬರೂದಿಲ್ಲ, ನಾಕು ಅಂದ್ರ ಪ್ರತಿಯೊಂದಕ್ಕೂ ಯಾಕ ಇರಬೇಕು ಅಂತ ಕೇಳಬೇಕಾಗ್ತೈತಿ. ರಿವರ್ಬ್, ಅಂದ್ರ ದನಿಯ ಗುಂಗು, ಬೇಕಂದ್ರ ಬಾವಿ ಕಟ್ಟಿ ಐತಿ, ನೀರಿನ ಖಾಲಿ ಬ್ಯಾರಲ್ ಐತಿ, ಅದರಾಗ ತಲಿ ಹಾಕಿ ಹಾಡಿ ಬರ್ರಿ.

ಒಂದು ವಾರ ಮುಟ್ಟಬ್ಯಾಡ್ರಿ, ಆಮ್ಯಾಲ ಕೇಳಿ ಅರ್ಧ ತಗದ ಹಾಕ್ರಿ. ಭಾಳ ಜೋರಿಂದು ಮುಗದ ಕೂಡ್ಲೆ ಭಾಳ ಸಣ್ಣದನ್ನ ಇಡ್ರಿ, ಕೇಳೋರು ವಾಲ್ಯೂಮ್ ಏರಸ್ಕೊಂಡು ಮುಂದ ಬಗ್ಗಬೇಕು. ವೇವ್ ಫೈಲ್ ಬ್ಯಾಂಡ್‌ಕ್ಯಾಂಪ್‌ಗೆ (ಕಲಾವಿದರು ತಮ್ಮ ಸಂಗೀತ ತಾವ ಹಾಕಿ ಮಾರೋ ವೆಬ್‌ಸೈಟ್) ಏರಸ್ರಿ, ತುಣುಕಿನ ಹೆಸರು ಕನ್ನಡದಾಗ ಇಡ್ರಿ: 'ಲಾಳಿ', 'ಕೌದಿ ಒಳಗ', 'ಎರಡನೇ ರೊಟ್ಟಿ'.