ಮನೆಯಲ್ಲಿ ಬೆಣ್ಣೆ ತೆಗೆಯಲು ಕಡೆಯುವ ಸಾಧನವನ್ನು ಆರಿಸುವುದು ಹೇಗೆ?

ಬೆಣ್ಣೆ ಕಡೆಯುವ ಸಾಧನ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಮೋಟಾರಿನ ಶಕ್ತಿ ಎಷ್ಟು, ಜಾಡಿ ಎಷ್ಟು ಲೀಟರಿನದು ಎಂದು. ಅದಕ್ಕೂ ಮೊದಲು ತಮ್ಮ ಮನೆಯಲ್ಲಿ ಕೆನೆ ಕೂಡಿಡುವ ಪಾತ್ರೆಯನ್ನು ನೋಡಬೇಕು. ವಾರಕ್ಕೆ ಎಷ್ಟು ಕೆನೆ ಸೇರುತ್ತದೆ ಎಂಬುದನ್ನು ಎರಡು ಮೂರು ವಾರ ಅಳೆದು ಬರೆದಿಟ್ಟುಕೊಂಡರೆ ಅರ್ಧ ಆಯ್ಕೆ ಮುಗಿದ ಹಾಗೆ. ಶೇ. 35ರಿಂದ 40ರಷ್ಟು ಕೊಬ್ಬಿರುವ ಒಂದು ಲೀಟರ್ ಕೆನೆಯಿಂದ ಸುಮಾರು 400ರಿಂದ 450 ಗ್ರಾಂ ಬೆಣ್ಣೆ ಸಿಗುತ್ತದೆ. ನಿಮಗೆ ಬೇಕಾದ ಬೆಣ್ಣೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಒಂದು ಸಲಕ್ಕೆ ಕಡೆಯಬೇಕಾದ ಕೆನೆಯ ಪ್ರಮಾಣ ತಿಳಿಯುತ್ತದೆ.

ಆ ಪ್ರಮಾಣದ ಎರಡರಿಂದ ಮೂರು ಪಟ್ಟು ಹಿಡಿಯುವ ಸಾಧನ ನಿಮ್ಮದಾಗಬೇಕು. ಕಡೆಯುವಾಗ ಕೆನೆಯೊಳಗೆ ಗಾಳಿ ಸೇರಿ ಅದು ಉಬ್ಬುವುದರಿಂದ, ಪಾತ್ರೆಯ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಕೆನೆ ಮುಚ್ಚಳಕ್ಕೆ ತಾಗಿ ಅಲ್ಲೇ ಅಲ್ಲಾಡದೆ ನಿಲ್ಲುತ್ತದೆ. ಹಾಗೆಂದು ಬಹಳ ದೊಡ್ಡದನ್ನು ಕೊಳ್ಳುವುದೂ ತಪ್ಪು. ನಾನು ಮೊದಲು ಕೊಂಡದ್ದು ಐದು ಲೀಟರಿನ ಜಾಡಿ. ಮುಂದೆ ಬೇಕಾದೀತು ಎಂಬ ದೂರಾಲೋಚನೆ ಅದರ ಹಿಂದಿತ್ತು. ಮುಕ್ಕಾಲು ಲೀಟರ್ ಕೆನೆ ಹಾಕಿದರೆ ರೆಕ್ಕೆಗಳ ತುದಿ ಮಾತ್ರ ಅದರಲ್ಲಿ ಮುಳುಗುತ್ತಿತ್ತು, ಉಳಿದದ್ದೆಲ್ಲ ಗೋಡೆಗೆ ಎರಚಿ ಅಲ್ಲೇ ಅಂಟಿಕೊಳ್ಳುತ್ತಿತ್ತು. ಕಾಲು ಗಂಟೆಗೊಮ್ಮೆ ಮುಚ್ಚಳ ತೆಗೆದು ಸೌಟಿನಿಂದ ಕೆರೆದು ಕೆಳಗೆ ತಳ್ಳುವುದೇ ಕೆಲಸವಾಯಿತು.

ಸಾಧನದ ಗುಣದೋಷ ಅಳೆಯಲು ಬೆಣ್ಣೆ ಹೇಗೆ ಬರುತ್ತದೆ ಎಂಬುದು ಸ್ವಲ್ಪ ತಿಳಿದಿರಬೇಕು. ಕೆನೆಯಲ್ಲಿ ಕೊಬ್ಬು ಕಣ್ಣಿಗೆ ಕಾಣದಷ್ಟು ಚಿಕ್ಕ ಗೋಲಿಗಳಾಗಿ ತೇಲುತ್ತಿರುತ್ತದೆ, ಪ್ರತಿ ಗೋಲಿಗೂ ತೆಳುವಾದ ಪೊರೆಯೊಂದು ಇರುತ್ತದೆ. ಕಡೆದಾಗ ಆ ಪೊರೆ ಹರಿದು, ಒಳಗಿನ ಕೊಬ್ಬು ಒಂದಕ್ಕೊಂದು ಅಂಟಿ ಕಾಳುಕಾಳಾಗುತ್ತದೆ. ಹೀಗೆ ಅಂಟಬೇಕಾದರೆ ಕೊಬ್ಬು ಪೂರ್ತಿ ಗಟ್ಟಿಯಾಗಿಯೂ ಇರಬಾರದು, ಪೂರ್ತಿ ಕರಗಿಯೂ ಇರಬಾರದು. ಆದ್ದರಿಂದಲೇ ಕೆನೆ 12ರಿಂದ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದಾಗ ಕೆಲಸ ಸುಲಭ. ಅದಕ್ಕಿಂತ ಬೆಚ್ಚಗಾದರೆ ಬೆಣ್ಣೆ ಜಿಡ್ಡುಜಿಡ್ಡಾಗಿ ಒಂದಷ್ಟು ಕೊಬ್ಬು ಮಜ್ಜಿಗೆಯಲ್ಲೇ ಉಳಿದುಹೋಗುತ್ತದೆ, ತೀರ ತಣ್ಣಗಿದ್ದರೆ ಎಷ್ಟು ಕಡೆದರೂ ಬರುವುದಿಲ್ಲ. ಅಂದರೆ ಒಳ್ಳೆಯ ಸಾಧನ ಕೆನೆಯನ್ನು ಬಡಿಯಬೇಕು, ಬಿಸಿಮಾಡಬಾರದು. ಮಿಕ್ಸಿಯ ಹರಿತವಾದ ಬ್ಲೇಡು ಬೇಗ ಬೆಣ್ಣೆ ತರುತ್ತದೆ ನಿಜ, ಆದರೆ ಆ ವೇಗದಲ್ಲಿ ಕೆನೆ ಬೆಚ್ಚಗಾಗುತ್ತದೆ ಮತ್ತು ಬೆಣ್ಣೆಯ ಕಾಳುಗಳೇ ಮತ್ತೆ ಪುಡಿಯಾಗಿ ಮಜ್ಜಿಗೆ ಸೇರುತ್ತವೆ. ತಿಂಗಳಿಗೊಮ್ಮೆ ಒಂದು ಲೋಟ ಕೆನೆ ಕಡೆಯುವವರಿಗೆ ಮಿಕ್ಸಿ ಸಾಕು. ಅದಕ್ಕಾಗಿ ಬೇರೆ ಸಾಧನ ಕೊಳ್ಳಬೇಡಿ ಎಂದೇ ನಾನು ಹೇಳುವುದು.

ಕೆನೆಯ ಬದಲು ಮೊಸರನ್ನೇ ಕಡೆಯುವವರ ಲೆಕ್ಕ ಬೇರೆ. ಶೇ. 4ರಷ್ಟು ಕೊಬ್ಬಿನ ಒಂದು ಲೀಟರ್ ಮೊಸರಿನಿಂದ ಸಿಗುವ ಬೆಣ್ಣೆ ಹೆಚ್ಚೆಂದರೆ 50 ಗ್ರಾಂ, ಹಾಗಾಗಿ ಪಾತ್ರೆ ದೊಡ್ಡದಿರಲೇಬೇಕು. ಎತ್ತರದ ಪಾತ್ರೆ ಮತ್ತು ಉದ್ದನೆಯ ಕಡಗೋಲು ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ಹಗ್ಗ ಎಳೆದು ತಿರುಗಿಸುವ ಕಡಗೋಲು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ತಿರುಗುವುದರಿಂದ ಮೊಸರು ಸುಮ್ಮನೆ ಸುಳಿಯಾಗಿ ಸುತ್ತದೆ ಪ್ರತಿ ಎಳೆತಕ್ಕೂ ಬಡಿಸಿಕೊಳ್ಳುತ್ತದೆ. ಒಂದೇ ದಿಕ್ಕಿಗೆ ತಿರುಗುವ ಯಂತ್ರಗಳಲ್ಲಿ ಈ ಅನುಕೂಲವಿಲ್ಲ. ಅವುಗಳ ರೆಕ್ಕೆಯಲ್ಲಿ ತೂತುಗಳಿವೆಯೇ ಎಂಬುದನ್ನು ಗಮನಿಸಬೇಕು. ತೂತಿನ ಮೂಲಕ ನುಗ್ಗಿ ಹೋಗುವಾಗ ಆಗುವ ತಿಕ್ಕಾಟ ಅಗಲವಾದ ಹಲಗೆಯಿಂದ ಆಗುವುದಿಲ್ಲ.

ಕೈಯಿಂದ ಹಿಡಿ ತಿರುಗಿಸುವ ಗಾಜಿನ ಜಾಡಿ ಒಂದೆರಡು ಲೀಟರ್ ಕೆನೆಗೆ ನನ್ನ ಮೊದಲ ಆಯ್ಕೆ. ಒಳಗೆ ಏನಾಗುತ್ತಿದೆ ಎಂಬುದು ಕಣ್ಣಿಗೆ ಕಾಣುವುದೇ ಇದರ ದೊಡ್ಡ ಗುಣ. ಕೊಳ್ಳುವ ಮುನ್ನ ಮುಚ್ಚಳವನ್ನು ತಿರುಗಿಸಿ ನೋಡಿ: ಗಿಯರ್ ಇರುವ ಜಾಗದಿಂದ ಗ್ರೀಸು ಸರಳಿನ ಗುಂಟ ಒಳಗೆ ಇಳಿಯುವಂತಿದ್ದರೆ ಅದು ಬೇಡ. ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ರೆಕ್ಕೆ ಮೂರು ನಾಲ್ಕು ಸುತ್ತಾದರೂ ತಿರುಗಬೇಕು, ಇಲ್ಲವಾದರೆ ಕೈ ಸೋಲುತ್ತದೆಯೇ ಹೊರತು ಬೆಣ್ಣೆ ಬರುವುದಿಲ್ಲ. ರೆಕ್ಕೆಗೂ ಜಾಡಿಯ ತಳಕ್ಕೂ ನಡುವೆ ಬೆರಳಗಲಕ್ಕಿಂತ ಹೆಚ್ಚು ಸಂದು ಇರಬಾರದು.

ಅಡ್ಡಲಾಗಿ ಉರುಳುವ ಪೀಪಾಯಿಯಲ್ಲಿ ರೆಕ್ಕೆಯೇ ಇರುವುದಿಲ್ಲ. ಕೆನೆ ಮೇಲಿನಿಂದ ಕೆಳಕ್ಕೆ ಬೀಳುವ ಪೆಟ್ಟೇ ಅದರ ಕಡೆತ. ತೊಳೆಯಲು ಇಷ್ಟು ಸುಲಭದ್ದು ಮತ್ತೊಂದಿಲ್ಲ. ಆದರೆ ಬೇಗ ಮುಗಿಸುವ ಆತುರದಲ್ಲಿ ಜೋರಾಗಿ ತಿರುಗಿಸಿದರೆ ಕೆನೆ ಬೀಳದೆ ಗೋಡೆಗೇ ಒತ್ತಿಕೊಂಡು ಪೀಪಾಯಿಯ ಜೊತೆ ಸುತ್ತುತ್ತದೆ. ನಿಧಾನವಾಗಿ ತಿರುಗಿಸುವ ತಾಳ್ಮೆಯೂ ಅದನ್ನು ಇಡಲು ಜಾಗವೂ ಇರುವವರಿಗೆ ಇದು ಸರಿ. ಮೇಲೆ ಕೆಳಗೆ ಕುಟ್ಟುವ ಕೊಳವೆಯಂಥ ಸಾಧನ ನೋಡಲು ಚೆಂದ, ರಟ್ಟೆಗೆ ಕಷ್ಟ.

ವಿದ್ಯುತ್ತಿನದು ಬೇಕೆನ್ನುವವರು ವ್ಯಾಟ್‌ಗಿಂತ ವೇಗವನ್ನು ಕೇಳಬೇಕು. ವೇಗ ಕಡಿಮೆಮಾಡುವ ಗುಂಡಿ ಇದ್ದರೆ ಉತ್ತಮ. ಕೆನೆ ದಪ್ಪಗಾದಾಗ ಮೋಟಾರಿನ ಮೇಲೆ ಭಾರ ಹಠಾತ್ತನೆ ಏರುತ್ತದೆ, ಆಗ ಅದು ನಿಲ್ಲದೆ ತಿರುಗಬೇಕು ಮತ್ತು ಅರ್ಧ ಗಂಟೆ ಓಡಿದರೂ ಸುಡುವಷ್ಟು ಬಿಸಿಯಾಗಬಾರದು. ಮೋಟಾರು ಮುಚ್ಚಳದ ಮೇಲೆಯೇ ಕೂರುವ ಮಾದರಿಗಳಲ್ಲಿ ಅದು ಪ್ರತ್ಯೇಕವಾಗಿ ಕಳಚುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಮೋಟಾರು ಅಂಟಿಕೊಂಡ ಮುಚ್ಚಳವನ್ನು ನೀರಿನಲ್ಲಿ ಮುಳುಗಿಸುವಂತಿಲ್ಲ.

ಒಳಭಾಗಕ್ಕೆ ಗಾಜು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಹುಳಿಬಂದ ಕೆನೆಗೆ ಅಲ್ಯೂಮಿನಿಯಂ ಆಗದು. ತಾಮ್ರ ಮತ್ತು ಕಬ್ಬಿಣ ತಾಗಿದ ಬೆಣ್ಣೆ ಬೇಗ ಕಮಟುತ್ತದೆ, ಆದ್ದರಿಂದ ಹಳೆಯ ಸಾಧನ ಕೊಳ್ಳುವವರು ತವರದ ಕಲಾಯಿ ಸವೆದು ತುಕ್ಕು ಕಾಣುತ್ತಿದೆಯೇ ಎಂದು ರೆಕ್ಕೆಯ ಬೆಸುಗೆಯ ಮೂಲೆಗಳಲ್ಲಿ ಹುಡುಕಬೇಕು. ಪ್ಲಾಸ್ಟಿಕ್ಕಿನಲ್ಲಿ ಬೀಳುವ ಗೀರುಗಳಲ್ಲಿ ಜಿಡ್ಡು ಕೂತು ವಾಸನೆ ಹಿಡಿಯುತ್ತದೆ. ಮರದ್ದು ಕೆಟ್ಟದ್ದಲ್ಲ, ಆದರೆ ಪ್ರತಿ ಸಲವೂ ಕುದಿನೀರು ಹೊಯ್ದು, ಅನಂತರ ತಣ್ಣೀರಿನಲ್ಲಿ ನೆನೆಸಿದರೆ ಮಾತ್ರ ಬೆಣ್ಣೆ ಅದಕ್ಕೆ ಅಂಟುವುದಿಲ್ಲ. ಬಿರುಕು ಬಿಟ್ಟ ಮರವನ್ನು ಕೊಳ್ಳಲೇಬಾರದು.

ಅಂಗಡಿಯಲ್ಲಿ ನಾನು ಮಾಡುವ ಒಂದು ಪರೀಕ್ಷೆ ಸರಳವಾದದ್ದು: ಜಾಡಿಯೊಳಗೆ ಕೈ ಹಾಕಿ ತಳದ ಅಂಚನ್ನು ಬೆರಳಿನಿಂದ ಸವರುತ್ತೇನೆ. ಕೈ ತಳ ಮುಟ್ಟದಿದ್ದರೆ, ಗಟ್ಟಿಯಾದ ಬೆಣ್ಣೆಯನ್ನು ಹೊರತೆಗೆಯುವುದೂ ಆಗದು, ತೊಳೆಯುವುದೂ ಆಗದು. ತಳದಲ್ಲಿ ಮಜ್ಜಿಗೆ ಬಸಿಯುವ ನಲ್ಲಿ ಇದ್ದರೆ ಅದನ್ನು ಬಿಚ್ಚಿ ನೋಡಿ. ಬಿಚ್ಚಲಾಗದ ನಲ್ಲಿಗಿಂತ ನಲ್ಲಿಯಿಲ್ಲದ ಜಾಡಿ ಮತ್ತು ಒಂದು ಜರಡಿ ಎಷ್ಟೋ ಮೇಲು. ರಬ್ಬರ್ ವಾಷರು ಬೇರೆ ಸಿಗುತ್ತದೆಯೇ ಎಂದೂ ಕೇಳಿಡಿ, ಮೊದಲು ಹಾಳಾಗುವುದು ಅದೇ.

ಮನೆಗೆ ತಂದ ಮೇಲೆ ಮೊದಲು ಬರಿಯ ತಣ್ಣೀರು ಹಾಕಿ ಹತ್ತು ನಿಮಿಷ ತಿರುಗಿಸಿದರೆ ಸೋರಿಕೆ, ಗ್ರೀಸು, ಅಲುಗಾಟ ಎಲ್ಲವೂ ಗೊತ್ತಾಗುತ್ತವೆ. ಆಮೇಲೆ ಕೆನೆ ಹಾಕಿ ಕಿವಿ ಕೊಡಿ. ಮೊದಲು ಸೊಳಸೊಳ ಸದ್ದು ಇರುತ್ತದೆ, ಕೆನೆ ಉಬ್ಬಿ ದಪ್ಪಗಾದಂತೆ ಸದ್ದು ಅಡಗಿ ಕೈಗೆ ಭಾರ ತಿಳಿಯುತ್ತದೆ, ಅದಾದ ಸ್ವಲ್ಪ ಹೊತ್ತಿಗೆ ಒಮ್ಮೆಲೇ ಹಿಡಿ ಹಗುರಾಗಿ, ತೆಳುವಾದ ಮಜ್ಜಿಗೆ ಗೋಡೆಗೆ ಅಪ್ಪಳಿಸುವುದು ಕೇಳಿಸುತ್ತದೆ. ಗಾಜಿನ ಮೇಲಿನ ಬಿಳಿ ಪದರ ತಾನಾಗಿ ಜಾರಿ ಗಾಜು ತಿಳಿಯಾಗುವುದೂ ಆಗಲೇ. ಅಕ್ಕಿಕಾಳಿನಷ್ಟು ಬೆಣ್ಣೆ ಕಂಡೊಡನೆ ನಿಲ್ಲಿಸಿ ಮಜ್ಜಿಗೆ ಬಸಿಯಬೇಕು. ಮುದ್ದೆಯಾಗುವವರೆಗೆ ಕಡೆದರೆ ಮಜ್ಜಿಗೆ ಅದರೊಳಗೇ ಸಿಕ್ಕಿಬಿದ್ದು, ಎಷ್ಟು ನೀರಿನಲ್ಲಿ ತೊಳೆದರೂ ಹೊರಬರುವುದಿಲ್ಲ.