ಗಜಕರ್ಣವೋ ಸೋರಿಯಾಸಿಸ್ಸೋ: ಬಣ್ಣ ಬಿಟ್ಟು ರೋಮ ನೋಡಿದಾಗ

ಚಿಕ್ಕಮಗಳೂರಿನಲ್ಲಿ ಚರ್ಮದ ಡಾಕ್ಟರಾಗಿ ಕೂತವರಿಗೆ ಮಳೆಗಾಲವೆಂದರೆ ಶಿಲೀಂಧ್ರದಿಂದ ಬರುವ ಗಜಕರ್ಣದ ಕಾಲ. ಮೂಡಿಗೆರೆ, ಕಳಸ, ಕೊಪ್ಪದ ಕಡೆ ತೋಟದ ಕೆಲಸಕ್ಕೆ ಹೋಗುವವರ ಮೈಮೇಲೆ ನೆನೆದ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಕಾಲಿಗೆ ಗಮ್‌ಬೂಟು. ತೊಡೆಸಂದಿಯಲ್ಲಿ ಶುರುವಾದದ್ದು ಸೊಂಟ ದಾಟಿ ಬೆನ್ನಿಗೆ ಹತ್ತುತ್ತದೆ. ನನ್ನ ಬಳಿ ಬರುವ ಹೊತ್ತಿಗೆ ಕೈಯಲ್ಲಿ ಹಿಂಡಿ ಮುಗಿಸಿದ ಟ್ಯೂಬ್ ಇರುತ್ತದೆ. “ಮೆಡಿಕಲ್‌ನಲ್ಲಿ ಕೊಟ್ರು ಡಾಕ್ಟ್ರೇ. ಹಚ್ಚಿದ್ರೆ ತುರಿಕೆ ನಿಲ್ಲುತ್ತೆ, ಬಿಟ್ರೆ ಡಬಲ್ ಆಗಿ ಬರುತ್ತೆ.” ಸ್ಟಿರಾಯ್ಡ್, ಶಿಲೀಂಧ್ರದ ಔಷಧಿ, ಆಂಟಿಬಯಾಟಿಕ್ ಮೂರನ್ನೂ ಕಲಸಿದ ಮುಲಾಮು ಅದು. ಹಲವು ಸ್ಟಿರಾಯ್ಡ್ ಮುಲಾಮುಗಳನ್ನು 2018ರಲ್ಲೇ ಶೆಡ್ಯೂಲ್ ಎಚ್‌ಗೆ ಸೇರಿಸಿ, ಚೀಟಿಯಿಲ್ಲದೆ ಮಾರಬಾರದೆಂದು ಮಾಡಿದ್ದಾರೆ. ಕಾಗದದ ಮೇಲೆ.

ಸ್ಟಿರಾಯ್ಡ್ ಉರಿಯೂತವನ್ನಷ್ಟೇ ಅಡಗಿಸುತ್ತದೆ, ಶಿಲೀಂಧ್ರ ಒಳಗೆ ಆರಾಮಾಗಿ ಬೆಳೆಯುತ್ತಿರುತ್ತದೆ. ಗಜಕರ್ಣದ ಗುರುತೇ ಆದ ಉಂಗುರದಂಥ ಅಂಚು ಅಳಿಸಿಹೋಗುತ್ತದೆ. ಉಳಿಯುವುದು ನೋಡುವುದಕ್ಕೆ ಇಸುಬಿನ ಹಾಗೂ ಇರುತ್ತದೆ, ಸೋರಿಯಾಸಿಸ್ ಹಾಗೂ ಇರುತ್ತದೆ. ಬರಿಗಣ್ಣಿಗೆ ಅಲ್ಲಿಗೆ ದಾರಿ ಮುಗಿಯಿತು. ನನ್ನ ಡರ್ಮೋಸ್ಕೋಪ್‌ಗೆ ಅತಿ ಹೆಚ್ಚು ಕೆಲಸ ಇರುವುದು ಇಲ್ಲೇ.

ಅಂಗೈಯಲ್ಲಿ ಹಿಡಿಸುವ ಸಾಧನ. ಒಂದು ಲೆನ್ಸು, ಸುತ್ತ ಎಲ್‌ಇಡಿ ದೀಪ, ಚರ್ಮದ ಹೊಳಪನ್ನು ಕಳೆಯುವ ಪೋಲರೈಸ್ಡ್ ಬೆಳಕು. ಸುಮಾರು ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಮೊಬೈಲಿಗೆ ಸಿಕ್ಕಿಸಿದರೆ ಫೋಟೋ ಕೂಡ ಆಯಿತು. ನಾನು ಮೊದಲು ಏನೂ ಹಚ್ಚದೆ ಒಣಗಿದ ಹಾಗೆಯೇ ನೋಡುತ್ತೇನೆ, ಏಕೆಂದರೆ ಜೆಲ್ ಹಾಕಿದೊಡನೆ ಚರ್ಮದಿಂದ ಏಳುವ ಹೊಟ್ಟು ಮಾಯವಾಗುತ್ತದೆ. ಹೊಟ್ಟು ಅಂಚಿನಲ್ಲಿದೆಯೋ ನಡುವೆ ಇದೆಯೋ, ಬಿಳಿಯೋ ಹಳದಿಯೋ ಎಂದು ನೋಡಿಕೊಂಡ ಮೇಲೆ ಅಲ್ಟ್ರಾಸೌಂಡ್ ಜೆಲ್ ಹಚ್ಚಿ ಎರಡನೇ ಸಲ. ಆಗ ಲೆನ್ಸನ್ನು ಒತ್ತಬಾರದು. ಒತ್ತಿದರೆ ಸಣ್ಣ ರಕ್ತನಾಳಗಳು ಬರಿದಾಗಿ ಏನೂ ಕಾಣುವುದಿಲ್ಲ.

ಪುಸ್ತಕಗಳಲ್ಲಿ ಮೊದಲ ಪಾಠವೇ ಬಣ್ಣ. ಸೋರಿಯಾಸಿಸ್‌ನಲ್ಲಿ ಕೆಂಪು ಹಿನ್ನೆಲೆ, ಅದರ ಮೇಲೆ ಸಮನಾಗಿ ಹರಡಿದ ಕೆಂಪು ಚುಕ್ಕೆಗಳು, ಬಿಳಿ ಹೊಟ್ಟು. ಇಸುಬಿನಲ್ಲಿ ಚುಕ್ಕೆಗಳು ಅಲ್ಲಲ್ಲಿ ಗುಂಪುಗೂಡಿರುತ್ತವೆ, ಒಣಗಿದ ರಸಿಕೆಯಿಂದ ಹೊಟ್ಟು ಹಳದಿ. ಆದರೆ ಆ ಫೋಟೋಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವು. ನಮ್ಮವರ ಕಂದು ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಕೆಂಪನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಹಾಗಾಗಿ ನನ್ನ ರೂಢಿಯೇ ಬೇರೆ: ಮೊದಲು ಹೊಟ್ಟು, ಆಮೇಲೆ ರೋಮ, ಬಣ್ಣ ಕೊನೆಗೆ. ಕಂದು ಚರ್ಮದಿಂದ ಲಾಭವೂ ಇದೆ. ಲೈಕನ್ ಪ್ಲೇನಸ್ ಎಂಬ ತುರಿಕೆಯ ಚರ್ಮರೋಗದ ಬಿಳಿ ಗೆರೆಗಳು, 1895ರಲ್ಲಿ ಫ್ರೆಂಚ್ ವೈದ್ಯ ವಿಕ್‌ಹ್ಯಾಮ್ ವಿವರಿಸಿದಂಥವು, ಜೆಲ್ ಹಚ್ಚಿದರೆ ಕಪ್ಪು ಹಿನ್ನೆಲೆಯಲ್ಲಿ ಎದ್ದು ಕಾಣುತ್ತವೆ.

ರೋಮ ಏಕೆ ಎಂದರೆ, ಶಿಲೀಂಧ್ರ ಅದರೊಳಗೆ ಇಳಿಯುತ್ತದೆ. ತೋಟವೊಂದರಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಬಂದಿದ್ದರು. ಸೊಂಟದ ಸುತ್ತ ದಪ್ಪ ಪಟ್ಟೆಗಳು, ಬೇರೆಲ್ಲೋ ಸೋರಿಯಾಸಿಸ್ ಎಂದು ಹೇಳಿಸಿಕೊಂಡು, ತಿಂಗಳುಗಟ್ಟಲೆ ಸ್ಟಿರಾಯ್ಡ್ ಹಚ್ಚಿದ್ದರು. ಒಣ ನೋಟದಲ್ಲಿ ಹೊಟ್ಟು ಅಂಚಿಗಷ್ಟೇ ಇತ್ತು, ಅದೂ ಹರಕಲು. ಜೆಲ್ ಹಚ್ಚಿದ ಮೇಲೆ ಸಣ್ಣ ಸಣ್ಣ ರೋಮಗಳು ಕಂಡವು. ಒಂದು ಬುಡದಲ್ಲೇ ಬಾಗಿ ಮುರಿದಿತ್ತು. ಪಕ್ಕದ್ದು ಗಾಜಿನ ಹಾಗೆ ಪಾರದರ್ಶಕ. ಇನ್ನೊಂದರ ಉದ್ದಕ್ಕೂ ಕಪ್ಪು, ಬಿಳಿ, ಕಪ್ಪು, ಬಿಳಿ ತುಂಡುಗಳು. ಇದನ್ನು ಮೋರ್ಸ್ ಕೋಡ್ ರೋಮ ಎನ್ನುತ್ತೇವೆ. ಸೋರಿಯಾಸಿಸ್‌ನಲ್ಲಿ ರೋಮ ಹೀಗಾಗುವುದಿಲ್ಲ. ಸ್ಟಿರಾಯ್ಡ್ ಮಾಡಿದ್ದೂ ಅಲ್ಲೇ ಕಾಣುತ್ತಿತ್ತು, ತೆಳುವಾದ ಚರ್ಮದಡಿ ಅಂಕುಡೊಂಕು ರಕ್ತನಾಳಗಳು.

ಅಂಚಿನ ಹೊಟ್ಟು ಕೆರೆದು, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೈಕ್ರೋಸ್ಕೋಪಿನಡಿ ನೋಡಿದೆ. ಶಿಲೀಂಧ್ರದ ಎಳೆಗಳು ಸಿಕ್ಕವು. ಕೆರೆಯುವುದನ್ನು ನಾನು ಬಿಟ್ಟಿಲ್ಲ. ಲೆನ್ಸ್ ಮಾಡುವ ಉಪಕಾರವೆಂದರೆ ಎಲ್ಲಿ ಕೆರೆಯಬೇಕೆಂದು ತೋರಿಸುವುದು, ಮತ್ತು ಮಾತ್ರೆ ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು. ರೋಮದೊಳಗೆ ಹೊಕ್ಕ ಶಿಲೀಂಧ್ರಕ್ಕೆ ಮೇಲೆ ಹಚ್ಚುವ ಮುಲಾಮು ಸಾಲದು. ತುರಿಕೆ ನಿಂತೊಡನೆ ಆಕೆ “ಮಾತ್ರೆ ಬಿಡ್ಲಾ ಡಾಕ್ಟ್ರೇ?” ಎಂದು ಕೇಳಿದರು. ಮೊಬೈಲಿನಲ್ಲಿ ಇನ್ನೂ ಉಳಿದಿದ್ದ ಮುರುಕು ರೋಮ ತೋರಿಸಿ, “ಇದು ಹೋಗೋವರೆಗೂ ಬಿಡಬೇಡಮ್ಮ” ಎಂದೆ. ನನ್ನ ಉಪದೇಶಕ್ಕಿಂತ ಆ ಫೋಟೋ ಹೆಚ್ಚು ಕೆಲಸ ಮಾಡಿತು.

ಅಂಗೈ, ಅಂಗಾಲಿನಲ್ಲಿ ಮೆಲನಿನ್ ಕಡಿಮೆ, ಆದ್ದರಿಂದ ಅಲ್ಲಿ ಪುಸ್ತಕದ ಪಾಠ ಹೆಚ್ಚುಕಡಿಮೆ ನಡೆಯುತ್ತದೆ. ಹಣ್ಣು ಕೊಯ್ದು, ಕಳೆ ಕಿತ್ತು ಬಿರಿದ ಕೈಗಳಲ್ಲಿ ಕಿತ್ತಳೆ-ಕಂದು ಚುಕ್ಕೆ, ಹಳದಿ ಹಕ್ಕಳೆ ಕಂಡರೆ ಇಸುಬಿನ ಕಡೆ ವಾಲುತ್ತೇನೆ. ತುಂಬ ಹರಡಿದ ಬಿಳಿ ಹೊಟ್ಟಾದರೆ ಸೋರಿಯಾಸಿಸ್, ಆಗ ಉಗುರು, ಮೊಣಕೈ, ತಲೆ ಹುಡುಕುತ್ತೇನೆ.

ಮಕ್ಕಳ ತಲೆಯಲ್ಲಿ ಕೂದಲುದುರಿದ ಜಾಗವಾದರೆ ಕೆಲಸ ಇನ್ನೂ ಸಲೀಸು. ಅಲ್ಪವಿರಾಮದಂತೆ ಬಾಗಿದ, ತಿರುಚಿಕೊಂಡ ಕೂದಲಿದ್ದರೆ ಶಿಲೀಂಧ್ರ. ಬುಡ ಸಣ್ಣಗೆ, ತುದಿ ದಪ್ಪಗೆ ಇರುವ ಆಶ್ಚರ್ಯಸೂಚಕ ಚಿಹ್ನೆಯಂಥ ಕೂದಲು, ಜೊತೆಗೆ ಹಳದಿ ಚುಕ್ಕೆ ಇದ್ದರೆ ಅಲೋಪೇಶಿಯಾ ಏರಿಯೇಟಾ, ಅಂದರೆ ಶಿಲೀಂಧ್ರವಿಲ್ಲದೆಯೇ ಕೂದಲು ದುಂಡಗೆ ಉದುರುವ ಕಾಯಿಲೆ. ಕಜ್ಜಿಯಲ್ಲಿ ಹುಳುವಿನ ಮುಂಭಾಗ ಕಂದು ತ್ರಿಕೋನವಾಗಿ, ಅದು ಕೊರೆದ ಸುರಂಗದ ತುದಿಯಲ್ಲಿ ಕಾಣುತ್ತದೆ. ಮಲೆನಾಡಿನದೇ ಇನ್ನೊಂದು: “ಹೊಸ ಮಚ್ಚೆ ಎದ್ದಿದೆ” ಎಂದು ತೋರಿಸುವ ಕರಿಚುಕ್ಕೆಗೆ ಲೆನ್ಸಿನಡಿ ಕಾಲುಗಳಿರುತ್ತವೆ! ಉಣುಗು. ಚಿಮುಟದಿಂದ ಬುಡ ಹಿಡಿದು ನೇರ ಮೇಲೆಳೆದು ತೆಗೆಯುತ್ತೇನೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇರುವ ಸೀಮೆ ನಮ್ಮದು, ಜ್ವರ ಬಂದರೆ ತಡಮಾಡಬೇಡಿ ಎಂದು ಹೇಳಿಯೇ ಕಳಿಸುತ್ತೇನೆ.

ದೊಡ್ಡ ಊರುಗಳಲ್ಲಿ ಇದಕ್ಕಿಂತ ಆಳ ನೋಡುವ ಯಂತ್ರಗಳಿವೆ. ಕಾನ್‌ಫೋಕಲ್ ಮೈಕ್ರೋಸ್ಕೋಪ್ ಲೇಸರ್ ಬೆಳಕಿನಿಂದ, ಚರ್ಮ ಕೊಯ್ಯದೆ, ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಆಳದವರೆಗೆ ಜೀವಕೋಶಗಳನ್ನೇ ತೋರಿಸುತ್ತದೆ. ನನ್ನ ಹೊರರೋಗಿ ಸಾಲಿಗೆ ಅದರ ದರವೂ ಹೊಂದದು, ಅದು ಕೇಳುವ ಸಮಯವೂ ಹೊಂದದು. ಅನುಮಾನ ಉಳಿದರೆ ಬಯಾಪ್ಸಿ.

ಬಿಳಿ ಮಚ್ಚೆಗಳ ವಿಷಯದಲ್ಲಿ ಮಾತ್ರ ನಾನು ಲೆನ್ಸನ್ನು ಹಿಂದಕ್ಕೆ ಹಾಕುತ್ತೇನೆ. ತೊನ್ನೋ ಚಿಬ್ಬೋ ಎಂಬುದಕ್ಕೆ ವುಡ್ಸ್ ಲ್ಯಾಂಪ್ ಸಾಕು. ಕತ್ತಲೆ ಕೋಣೆಯಲ್ಲಿ ಅದರ 365 ನ್ಯಾನೋಮೀಟರಿನ ನೇರಳಾತೀತ ಬೆಳಕು ಬಿಟ್ಟರೆ ತೊನ್ನು ಸುಣ್ಣದ ಬಿಳಿಯಾಗಿ ಹೊಳೆಯುತ್ತದೆ, ಚಿಬ್ಬು ಹಳದಿ ಛಾಯೆ ಕೊಡುತ್ತದೆ. ಪೌಡರು, ಕ್ರೀಮು ಒರೆಸಿರಬೇಕು, ಅವೂ ಹೊಳೆಯುತ್ತವೆ. ಆದರೆ ಮಚ್ಚೆ ಮಾಸಲಾಗಿದ್ದು, ಮೇಲೆ ರೋಮ ಕಡಿಮೆಯಿದ್ದು, ಬೆವರದಿದ್ದರೆ ಕುಷ್ಠ ಮನಸ್ಸಿಗೆ ಬರಬೇಕು. ಅಲ್ಲಿ ಮೊದಲು ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿ, “ಮುಟ್ಟಿದ್ದು ಗೊತ್ತಾಯ್ತಾ?” ಎಂದು ಕೇಳುತ್ತೇನೆ. ಮೊಣಕೈ ಹಿಂದಿನ ನರ ದಪ್ಪವಾಗಿದೆಯೇ ಎಂದು ಬೆರಳಿನಿಂದ ಹುಡುಕುತ್ತೇನೆ. ಸ್ಪರ್ಶ ಹೋಗಿದ್ದರೆ, ಲೆನ್ಸ್ ಏನೇ ಹೇಳಲಿ, ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆಯುತ್ತೇನೆ. ಕುಷ್ಠಕ್ಕೆ ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಎಂಡಿಟಿ ಮಾತ್ರೆ ಅಲ್ಲಿ ಉಚಿತ.