ಹೊಸ ತಂತಿ, ನಿಲ್ಲದ ಶ್ರುತಿ: ನನ್ನ ಅನುಭವ

ಮಂಗಳೂರಿನ ಮಳೆಗಾಲದಲ್ಲಿ ಗಿಟಾರ್ ತಂತಿಗೆ ಆಯಸ್ಸು ಕಡಿಮೆ. ಜೂನ್‌ನಲ್ಲಿ ಹಾಕಿದ ತಂತಿ ಆಗಸ್ಟ್ ಹೊತ್ತಿಗೆ ಮಂಕಾಗಿ, ಬೆರಳಿಗೆ ಒರಟಾಗಿ ತಾಗುತ್ತದೆ. ಹಾಗಾಗಿ ತಂತಿ ಬದಲಿಸುವುದು ನನಗೆ ರೂಢಿಯ ಕೆಲಸ. ಆದರೆ ಬದಲಿಸಿದ ಮೇಲೆ ಶ್ರುತಿ ನಿಲ್ಲಿಸುವುದನ್ನು ಕಲಿಯಲು ತುಂಬಾ ದಿನ ಬೇಕಾಯಿತು.

ಕೆಲವು ವರ್ಷದ ಹಿಂದೆ ಒಂದು ಭಾವಗೀತೆ ಕಾರ್ಯಕ್ರಮಕ್ಕೆ ಹೊರಡುವ ಎರಡು ಗಂಟೆ ಮೊದಲು ಆರೂ ತಂತಿ ಬದಲಿಸಿದೆ. ಶ್ರುತಿ ಸರಿಯಾದರೆ ಹಸಿರು ತೋರಿಸುವ ಕ್ಲಿಪ್ ಟ್ಯೂನರ್‌ನಲ್ಲಿ ಆರಕ್ಕೆ ಆರೂ ಹಸಿರು. ನೆಮ್ಮದಿಯಿಂದ ಹೋದೆ. ಮೊದಲ ಹಾಡಿನ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ತಂತಿಗಳು ಇಳಿದಿದ್ದವು. ಹಾಡುತ್ತಿದ್ದವರು ನನ್ನ ಕಡೆ ತಿರುಗಿ ನೋಡಿದರು. ಆ ನೋಟ ಇನ್ನೂ ಕಣ್ಣ ಮುಂದಿದೆ.

ಟ್ಯೂನರ್ ಸುಳ್ಳು ಹೇಳಿರಲಿಲ್ಲ. ನೋಡಿದ ಆ ಗಳಿಗೆಗೆ ತಂತಿ ಸರಿಯಾಗಿಯೇ ಇತ್ತು. ತಂತಿ ಬಿಗಿಯುವ ಬಿರಡೆಯ ಸುತ್ತಿನಲ್ಲಿ ಸಡಿಲ ಉಳಿದಿತ್ತು, ಅಷ್ಟೇ. ಉಕ್ಕಿನ ತಂತಿಯಲ್ಲಿ ಶ್ರುತಿ ಇಳಿಯುವುದು ತಂತಿ ಹಿಗ್ಗಿದ್ದಕ್ಕಿಂತ ಜಾಸ್ತಿ ಈ ಸಡಿಲದಿಂದಲೇ. ನುಡಿಸಿದ ಹಾಗೆಲ್ಲ ಸುತ್ತು ಬಿಗಿಯುತ್ತದೆ, ತಂತಿಯ ಇನ್ನೊಂದು ತುದಿಯಲ್ಲಿರುವ ಪುಟ್ಟ ಲೋಹದ ಗುಂಡು ತನ್ನ ಜಾಗಕ್ಕೆ ಕೂರುತ್ತದೆ, ಶ್ರುತಿ ಇಳಿಯುತ್ತದೆ.

ಹಾಗಾಗಿ ಈಗ ತಂತಿ ಸುತ್ತುವಾಗಲೇ ಗಮನ ಕೊಡುತ್ತೇನೆ. ಗುಂಡಿನ ತುದಿಯನ್ನು ಗಿಟಾರ್ ಡಬ್ಬದ ಮೇಲೆ ತಂತಿ ಸಿಕ್ಕಿಸುವ ಕುದುರೆಯ ತೂತಿಗೆ ಇಳಿಸಿ, ಪಿನ್ ಒತ್ತಿ, ತಂತಿಯನ್ನು ಒಮ್ಮೆ ಮೇಲಕ್ಕೆ ಎಳೆಯುತ್ತೇನೆ. ಗುಂಡು ಒಳಗಿನ ಹಲಗೆಗೆ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಬಿರಡೆಯ ಹತ್ತಿರ ಸುಮಾರು 5 ಸೆಂಟಿಮೀಟರ್ ಜಾಸ್ತಿ ಬಿಟ್ಟು ಸುತ್ತುತ್ತೇನೆ. ದಪ್ಪ ತಂತಿಗೆ ಎರಡು ಮೂರು ಸುತ್ತು ಸಾಕು, ತೆಳು ತಂತಿಗೆ ಇನ್ನೊಂದು ಇರಲಿ. ಸುತ್ತು ಒಂದರ ಕೆಳಗೆ ಒಂದು ಬರಬೇಕು, ಒಂದರ ಮೇಲೊಂದು ಹತ್ತಬಾರದು. ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ, ಅಂದರೆ ನಟ್‌ನ ಸೀಳಿನಲ್ಲಿ ಪೆನ್ಸಿಲ್ ಸೀಸವನ್ನು ಸ್ವಲ್ಪ ಉಜ್ಜುತ್ತೇನೆ. ಇಲ್ಲದಿದ್ದರೆ ತಂತಿ ಅಲ್ಲಿ ಸಿಕ್ಕಿಕೊಂಡು, ಬಿರಡೆ ತಿರುಗಿಸಿದರೂ ಸುಮ್ನೆ ಇದ್ದು, ಆಮೇಲೆ ಟಿಕ್ ಎಂದು ಹಾರುತ್ತದೆ.

ಆಮೇಲೆ ಎಳೆಯುವುದು. ತಂತಿಯನ್ನು ಶ್ರುತಿಗೆ ತಂದು, ಹನ್ನೆರಡನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ ಬೆರಳು ಹಾಕಿ ಮೆಲ್ಲಗೆ ಮೇಲಕ್ಕೆತ್ತುತ್ತೇನೆ. ಅಲ್ಲೊಂದು ಸಲ, ಇಲ್ಲೊಂದು ಸಲ. ಮತ್ತೆ ಟ್ಯೂನರ್ ನೋಡಿದರೆ ಮೊದಲ ಸಲ ಅರ್ಧ ಸ್ವರದಷ್ಟು ಇಳಿದಿರುತ್ತದೆ. ಏರಿಸಿ, ಮತ್ತೆ ಎಳೆಯುತ್ತೇನೆ. ನಾಲ್ಕೈದು ಸಲ ಆದ ಮೇಲೆ ಇಳಿಯುವುದು ನಿಲ್ಲುತ್ತದೆ. ನಿಂತ ಮೇಲೆಯೇ ಮುಂದಿನ ತಂತಿ. ಒಂದನೇ ತಂತಿಗೆ ಮಾತ್ರ ಜೋರು ಬೇಡ, ತೆಳು ತಂತಿ ಕಡಿದುಹೋದೀತು. ಇದೆಲ್ಲ ಉಕ್ಕಿನ ತಂತಿಯ ಮಾತು. ನೈಲಾನ್ ತಂತಿ ನಿಜವಾಗಿಯೂ ಹಿಗ್ಗುತ್ತಲೇ ಇರುತ್ತದೆ, ಅದಕ್ಕೆ ಕೆಲವು ದಿನ ಕೊಡಲೇಬೇಕು.

ಶ್ರುತಿಗೆ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬರಬೇಕು. ಏರಿದ್ದನ್ನು ಇಳಿಸಿ ಅಲ್ಲೇ ನಿಲ್ಲಿಸಿದರೆ ಬಿರಡೆಯ ಹಲ್ಲಿನಲ್ಲಿ ಸಡಿಲ ಉಳಿಯುತ್ತದೆ. ಜಾಸ್ತಿ ಏರಿತಾ? ಪೂರ್ತಿ ಕೆಳಗಿಳಿಸಿ ಮತ್ತೆ ಏರಿಸಿ. ಆರೂ ಆದ ಮೇಲೆ ಮೊದಲಿನಿಂದ ಇನ್ನೊಂದು ಸುತ್ತು ನೋಡುತ್ತೇನೆ. ಆರು ಉಕ್ಕಿನ ತಂತಿ ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ. ಕೊನೆಯದನ್ನು ಬಿಗಿದಾಗ ಕತ್ತು ಕೂದಲೆಳೆಯಷ್ಟು ಬಾಗಿ ಮೊದಲಿನದು ಇಳಿದಿರುತ್ತದೆ.

ಇಷ್ಟಾದರೂ ನನಗೊಂದು ಕೊರತೆ ಕಾಡುತ್ತಿತ್ತು. ನಮ್ಮ ಮನೆಯಲ್ಲಿ ಬೆಳಗ್ಗೆ ತಂಬೂರಿ ಮೀಟುವ ರೂಢಿ ಇತ್ತು. ಎರಡು ತಂತಿ ಹತ್ತಿರ ಬಂದಾಗ ನಾದ ಅಲೆಯಲೆಯಾಗಿ ಏಳುವುದು, ಸೇರಿದಾಗ ಅಲೆ ಅಡಗಿ ಒಂದೇ ನಾದ ಆಗುವುದು, ಇದು ಚಿಕ್ಕಂದಿನಿಂದ ನನ್ನ ಕಿವಿಗೆ ಗೊತ್ತು. ಅದನ್ನೇ ಗಿಟಾರ್‌ನಲ್ಲೂ ಹುಡುಕಿದೆ. ಟ್ಯೂನರ್ ನೋಡಿ ಶ್ರುತಿ ಮಾಡಿದ ಆರನೇ ತಂತಿಯ ಐದನೇ ಫ್ರೆಟ್ ಮೇಲೆ ಬೆರಳು ಬರೀ ತಾಗಿಸಿ ಮೀಟಿದರೆ 329.6 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಬರುತ್ತದೆ. ಐದನೇ ತಂತಿಯ ಏಳನೇ ಫ್ರೆಟ್ ಮೇಲೆ ಹಾಗೇ ಮೀಟಿದರೆ 330. ಅಲೆ ಅಡಗುವವರೆಗೆ ಐದನೇ ತಂತಿಯನ್ನು ಇಳಿಸಿದರೆ ಅದು 2 ಸೆಂಟ್ ತಗ್ಗುತ್ತದೆ. ಅರ್ಧ ಸ್ವರಕ್ಕೆ 100 ಸೆಂಟ್. ಹೀಗೇ ಮುಂದೆ ಹೋದರೆ ಮೂರನೇ ತಂತಿಗೆ ಬರುವಾಗ 6 ಸೆಂಟ್ ಕಳೆದುಕೊಂಡಿರುತ್ತೇವೆ. ಅರ್ಧ ಸ್ವರಕ್ಕೆ 100 ಸೆಂಟ್. ಆರು ಸಣ್ಣದೇ, ಆದರೆ ಕಾರ್ಡ್ ಹಿಡಿದು ಹಲವು ಸ್ವರ ಒಟ್ಟಿಗೆ ನುಡಿಸಿದಾಗ ಕೇಳುತ್ತದೆ.

ಗಾಂಧಾರದ ವಿಷಯ ಇನ್ನೂ ಕಷ್ಟ. ತಂಬೂರಿಯ ಷಡ್ಜದೊಳಗೆ ತಾನಾಗಿ ಕೇಳಿಬರುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ ಮೇಲಿದೆ. ಗಿಟಾರ್ ಫ್ರೆಟ್ ಕೊಡುವುದು 400. ಇ ಮೇಜರ್ ಕಾರ್ಡ್ ಹಿಡಿದಾಗ ಅದರ ಗಾಂಧಾರ ನುಡಿಯುವ ಮೂರನೇ ತಂತಿ ಸ್ವಲ್ಪ ಏರಿದಂತೆ ಕೇಳುತ್ತಿತ್ತು. ಇಳಿಸಿದೆ, ಇ ಮೇಜರ್ ಜೇನಿನ ಹಾಗಾಯಿತು. ಸಿ ಮೇಜರ್ ಹಿಡಿದೆ, ಅದೇ ತಂತಿ ತಗ್ಗಿ ಕಾರ್ಡ್ ಕೆಟ್ಟಿತು. ಎಷ್ಟೋ ಸಂಜೆ ಇದರಲ್ಲೇ ಕಳೆದಿದ್ದೇನೆ. ಫ್ರೆಟ್ ಕೂರಿಸಿರುವುದೇ ಸಮನಾಗಿ ಹಂಚಿದ ಹನ್ನೆರಡು ಸ್ವರಗಳಿಗೆ. ಒಂದು ಕಾರ್ಡ್‌ಗೆ ಸಿಹಿ ಮಾಡಿದರೆ ಇನ್ನೊಂದು ಹುಳಿಯಾಗುತ್ತದೆ. ಹಾಗಾಗಿ ಈಗ ಬಿಡಿ ತಂತಿಗಳನ್ನು ಟ್ಯೂನರ್‌ಗೇ ಒಪ್ಪಿಸುತ್ತೇನೆ. ಮೀಟುವುದು ಹೆಬ್ಬೆರಳಿನ ಮೆತ್ತನೆಯ ಭಾಗದಿಂದ. ಜೋರಾಗಿ ಮೀಟಿದರೆ ಮೊದಲ ಗಳಿಗೆಯಲ್ಲಿ ಶ್ರುತಿ ಏರಿಯೇ ಕಾಣುತ್ತದೆ, ಅಲ್ವಾ? ಆಮೇಲೆ ಇ, ಸಿ, ಜಿ, ಡಿ ಕಾರ್ಡ್ ಹಿಡಿದು ಕೇಳುತ್ತೇನೆ. ಯಾವುದೂ ಜೇನಲ್ಲ, ಯಾವುದೂ ಹುಳಿಯಲ್ಲ. ಅಷ್ಟು ಸಿಕ್ಕಿದರೆ ನಿಲ್ಲಿಸುತ್ತೇನೆ.

ಈಗ ಕಾರ್ಯಕ್ರಮಕ್ಕೆ ಎರಡು ದಿನ ಮೊದಲೇ ತಂತಿ ಬದಲಿಸಿ, ದಿನಾ ಒಂದು ಗಂಟೆ ನುಡಿಸುತ್ತೇನೆ. ಅಲ್ಲಿಗೆ ಹೋದ ಕೂಡಲೇ ಹಾರ್ಮೋನಿಯಂನ ಒಂದು ಸ್ವರ ಕೇಳುತ್ತೇನೆ. ಟ್ಯೂನರ್ ಎ ಸ್ವರಕ್ಕೆ 440 ಹರ್ಟ್ಜ್ ಎಂದು ಕೂತಿದ್ದರೂ ಹಾರ್ಮೋನಿಯಂ ಅಲ್ಲೇ ಇರಬೇಕೆಂದಿಲ್ಲ. ಅದರ ರೀಡನ್ನು ವೇದಿಕೆಯ ಮೇಲೆ ಸರಿಮಾಡಲು ಆಗುವುದಿಲ್ಲ, ನನ್ನ ಬಿರಡೆಗಳು ತಿರುಗುತ್ತವೆ. ಕಳೆದ ಸಲ ಅದು 442ರ ಹತ್ತಿರ ಇತ್ತು. ಟ್ಯೂನರನ್ನು ಅಲ್ಲಿಗೆ ಇಟ್ಟು ಆರೂ ತಂತಿ ಏರಿಸಿದೆ. ಹತ್ತು ಹಾಡು ಮುಗಿಯುವವರೆಗೆ ಎರಡನೇ ತಂತಿಯನ್ನು ಒಂದೇ ಸಲ ಮುಟ್ಟಬೇಕಾಯಿತು.